ಮುಖದ ಹಿಂದೊಂದು ಮಿದುಳು: ವಿಡಿಯೊ ಗೇಮ್‌ಗಳ ಹಲವು ದಶಕ

1993ರ ಡಿಸೆಂಬರ್ 9ರಂದು ಅಮೆರಿಕದ ಸೆನೆಟ್‌ನಲ್ಲಿ ವಿಡಿಯೊ ಗೇಮ್‌ಗಳ ಹಿಂಸೆ ಕುರಿತು ವಿಚಾರಣೆ ನಡೆಯಿತು. ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಎಂಬ ಸೆನೆಟರ್‌ಗಳು ಉದ್ಯಮದವರನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಕೇಳಿದರು. ಆ ದಿನಗಳ ಗದ್ದಲಕ್ಕೆ ಮುಖ್ಯ ಕಾರಣ 'ಮಾರ್ಟಲ್ ಕಾಂಬ್ಯಾಟ್' ಎಂಬ ಕಾಳಗದ ಆಟ. ಸೋತವನ ರುಂಡವನ್ನು ಬೆನ್ನೆಲುಬಿನ ಸಮೇತ ಕಿತ್ತು ಎತ್ತಿ ಹಿಡಿಯುವ ಅವಕಾಶ ಅದರಲ್ಲಿತ್ತು. ವಿಚಾರಣೆಯ ಮರುದಿನವೇ, ಡಿಸೆಂಬರ್ 10ರಂದು, ಟೆಕ್ಸಾಸ್‌ನ ಐಡಿ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ 'ಡೂಮ್' ಆಟವನ್ನು ಹೊರಬಿಟ್ಟಿತು. ಅದೂ ರಕ್ತಸಿಕ್ತ ಆಟವೇ. ಆದರೆ ಅದರ ಪರದೆಯ ಕೆಳಗೆ, 32 ಪಿಕ್ಸೆಲ್ ಎತ್ತರದ ಒಂದು ಪಟ್ಟಿಯ ನಡುವೆ, ಒಬ್ಬ ಸೈನಿಕನ ಪುಟ್ಟ ಮೋರೆಯಿತ್ತು. ಮಾರ್ಟಲ್ ಕಾಂಬ್ಯಾಟ್‌ನ ಮುಖಗಳು ನಿಜವಾದ ನಟರ ಚಿತ್ರೀಕರಣದಿಂದ ಬಂದವು, ಡೂಮ್‌ನದು ಚುಕ್ಕೆ ಚುಕ್ಕೆಯಾಗಿ ಕೂರಿಸಿದ್ದು. ಸೆನೆಟರ್‌ಗಳಿಗೆ ಗಾಬರಿ ಹುಟ್ಟಿಸಿದ್ದು ಮೊದಲನೆಯದು. ಆಟವೆಂಬ ಕಲೆಗೆ ಮುಖ್ಯವಾದದ್ದು ಎರಡನೆಯದು ಎಂಬುದೇ ಈ ಲೇಖನದ ವಾದ. ವಿಡಿಯೊ ಗೇಮಿನಲ್ಲಿ ಒಂದು ಮುಖಕ್ಕೆ ಜೀವ ಬರುವುದು ಅದು ಮನುಷ್ಯನ ಮುಖವನ್ನು ಎಷ್ಟು ಹೋಲುತ್ತದೆ ಎಂಬುದರಿಂದಲ್ಲ. ಅದರ ಹಿಂದೆ ಕೆಲಸ ಮಾಡುವ ಮಿದುಳಿಗೆ, ಅಂದರೆ ಆಟದ ನಿಯಮಗಳಿಗೆ, ಅದು ಎಷ್ಟು ಬಿಗಿಯಾಗಿ ಜೋಡಣೆಯಾಗಿದೆ ಎಂಬುದರಿಂದ. ಈ ಉದ್ಯಮ ದಶಕಗಟ್ಟಲೆ ಚರ್ಮದ ಮೇಲೆ ದುಡ್ಡು ಸುರಿಯಿತು, ನರದ ಕಡೆ ಗಮನ ಕೊಟ್ಟದ್ದು ಕಡಿಮೆ.

ಮೊದಮೊದಲು ಆಟಗಳಿಗೆ ಮುಖದ ಗೊಡವೆಯೇ ಇರಲಿಲ್ಲ. 1962ರಲ್ಲಿ ಎಂಐಟಿಯಲ್ಲಿ ಹುಟ್ಟಿದ 'ಸ್ಪೇಸ್‌ವಾರ್'ನಲ್ಲಿ ಎರಡು ನೌಕೆಗಳು, 1972ರ 'ಪಾಂಗ್'ನಲ್ಲಿ ಎರಡು ಗೆರೆ ಮತ್ತು ಒಂದು ಚೆಂಡು, ಅಷ್ಟೆ. 1978ರಲ್ಲಿ 'ಸ್ಪೇಸ್ ಇನ್ವೇಡರ್ಸ್' ರೂಪಿಸಿದ ತೊಮೊಹಿರೊ ನಿಶಿಕಾದೊ ಮನುಷ್ಯರನ್ನು ಗುಂಡಿಗೆ ಗುರಿ ಮಾಡುವುದನ್ನು ಬಿಟ್ಟು ಏಡಿ, ಸ್ಕ್ವಿಡ್, ಆಕ್ಟೋಪಸ್‌ಗಳ ಆಕಾರದ ಅನ್ಯಗ್ರಹಜೀವಿಗಳನ್ನು ಸಾಲಾಗಿ ನಿಲ್ಲಿಸಿದರು. ಅವುಗಳಿಗೆ ಕಣ್ಣುಗಳಿದ್ದವು, ಆದರೆ ಆ ಕಣ್ಣುಗಳು ಏನನ್ನೂ ನೋಡುತ್ತಿರಲಿಲ್ಲ. ಆಟಗಾರ ಎಲ್ಲಿದ್ದರೂ ಆ ಸಾಲು ಎಡಕ್ಕೆ, ಬಲಕ್ಕೆ, ಒಂದು ಹೆಜ್ಜೆ ಕೆಳಕ್ಕೆ ಬರುತ್ತಲೇ ಇರುತ್ತಿತ್ತು. ಕಣ್ಣಿಗೂ ಬುದ್ಧಿಗೂ ಮೊದಲ ಗಂಟು ಬಿದ್ದದ್ದು 1980ರಲ್ಲಿ, ಜಪಾನಿನ ನಾಮ್ಕೊ ಕಂಪನಿಯ ತೊರು ಇವಾತಾನಿ ಮಾಡಿದ 'ಪ್ಯಾಕ್-ಮ್ಯಾನ್'ನಲ್ಲಿ. ಇದರ ನಾಯಕನಿಗೆ ಮುಂಡವಿಲ್ಲ, ಕೈಕಾಲಿಲ್ಲ. ಅವನು ಬರೀ ತಲೆ, ಆ ತಲೆಯಲ್ಲೂ ಬರೀ ಬಾಯಿ. ಅವನನ್ನು ಅಟ್ಟಿಸಿಕೊಂಡು ಬರುವ ನಾಲ್ಕು ಭೂತಗಳಿಗಾದರೋ ಬಾಯಿಲ್ಲ, ಇರುವುದು ಎರಡೆರಡು ದೊಡ್ಡ ಕಣ್ಣು.

ಆ ನಾಲ್ಕು ಭೂತಗಳ ತಲೆಯೊಳಗೆ ಏನಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ಕೆಂಪು ಭೂತ ಪ್ಯಾಕ್-ಮ್ಯಾನ್ ಇರುವ ಚೌಕಕ್ಕೇ ಗುರಿಯಿಟ್ಟು ಬರುತ್ತದೆ. ಗುಲಾಬಿ ಭೂತ ಅವನ ಬಾಯಿ ತಿರುಗಿರುವ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಕ್ಕೆ ಗುರಿಯಿಟ್ಟು ದಾರಿ ಕಟ್ಟಲು ನೋಡುತ್ತದೆ. ನೀಲಿ ಭೂತ ಪ್ಯಾಕ್-ಮ್ಯಾನ್ ಮುಂದಿನ ಜಾಗವನ್ನೂ ಕೆಂಪು ಭೂತ ಇರುವ ಜಾಗವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಕಿತ್ತಳೆ ಭೂತ ದೂರದಲ್ಲಿದ್ದಾಗ ನುಗ್ಗಿ ಬಂದು, ಎಂಟು ಚೌಕದೊಳಗೆ ಬಂದ ಕೂಡಲೇ ಮನಸ್ಸು ಬದಲಿಸಿ ತನ್ನ ಮೂಲೆ ಹಿಡಿಯುತ್ತದೆ. ಒಂದೊಂದು ಭೂತಕ್ಕೆ ಒಂದೊಂದು ಸಾಲಿನ ನಿಯಮ. ಮಿದುಳು ಎಂದು ಇರುವುದು ಇಷ್ಟೇ. ಆ ಮಿದುಳು ಯಾವ ದಿಕ್ಕಿಗೆ ಹೊರಟಿದೆ ಎಂಬುದನ್ನು ಕಣ್ಣುಗುಡ್ಡೆಗಳು ಆಟಗಾರನಿಗೆ ತೋರಿಸಿಕೊಡುತ್ತವೆ. ಪ್ಯಾಕ್-ಮ್ಯಾನ್ ಶಕ್ತಿಗುಳಿಗೆ ನುಂಗಿದಾಗ ಭೂತಗಳು ನೀಲಿಯಾಗುತ್ತವೆ, ಅಲೆಯಂತೆ ಸೊಟ್ಟಗಾದ ಬಾಯಿ ಮೂಡುತ್ತದೆ, ಓಟ ಹಿಂದುಮುಂದಾಗುತ್ತದೆ. ತಿಂದ ಮೇಲೆ ಉಳಿಯುವುದು ಬರೀ ಕಣ್ಣು; ಅವು ಜೋಡಿಯಾಗಿ ಗೂಡಿಗೆ ಓಡುತ್ತವೆ. ಇದಕ್ಕಿಂತ ಸೋಜಿಗದ ಸಂಗತಿ ಗುಲಾಬಿ ಭೂತದ್ದು. ಅದರ ಲೆಕ್ಕ ನಿಂತಿರುವುದು ಪ್ಯಾಕ್-ಮ್ಯಾನ್‌ನ ಮುಖ ಎತ್ತ ತಿರುಗಿದೆ ಎಂಬುದರ ಮೇಲೆ. ಹಾಗಾಗಿ ಅದು ತೀರಾ ಹತ್ತಿರ ಬಂದಾಗ ಪ್ಯಾಕ್-ಮ್ಯಾನ್ ಅದರತ್ತಲೇ ಮುಖ ಮಾಡಿದರೆ ನಾಲ್ಕು ಚೌಕದ ಗುರಿ ಭೂತದ ಬೆನ್ನ ಹಿಂದಕ್ಕೆ ಬೀಳುತ್ತದೆ, ಭೂತ ಪಕ್ಕದ ಓಣಿಗೆ ಸರಿದುಬಿಡುತ್ತದೆ. ಪಳಗಿದ ಆಟಗಾರರು ಈ ತಂತ್ರದಿಂದ ಅದನ್ನು ಮತ್ತೆ ಮತ್ತೆ ಏಮಾರಿಸುತ್ತಿದ್ದರು. ಮುಖ ತಿರುಗಿಸಿ ಹಗೆಯನ್ನು ಹೆದರಿಸುವುದು ಇಲ್ಲಿ ಕವಿಕಲ್ಪನೆಯಲ್ಲ, ಲೆಕ್ಕದ ಫಲ. ಎರಡು ಮುಖಗಳ ನಡುವೆ ಇಂಥ ನೇರ ಸಂಬಂಧ ಮುಂದೆ ಕೋಟಿಗಟ್ಟಲೆ ಡಾಲರ್ ಸುರಿದ ಎಷ್ಟೋ ಆಟಗಳಿಗೂ ಒಲಿಯಲಿಲ್ಲ.

ಮರುವರ್ಷ, 1981ರಲ್ಲಿ, ನಿಂಟೆಂಡೊದ ಶಿಗೆರು ಮಿಯಾಮೊಟೊ 'ಡಾಂಕಿ ಕಾಂಗ್'ಗಾಗಿ ಒಬ್ಬ ಬಡಗಿಯನ್ನು ಬರೆದರು. ಮುಂದೆ ಮಾರಿಯೊ ಎಂದು ಲೋಕಪ್ರಸಿದ್ಧನಾದವನು ಇವನೇ. ಬಾಯಿ ಬಿಡಿಸಲು ಜಾಗ ಸಾಲದ್ದರಿಂದ ದೊಡ್ಡ ಮೂಗಿನ ಕೆಳಗೆ ಮೀಸೆ ಬಂತು. ಕೂದಲು ಬಿಡಿಸುವ ಕಷ್ಟ ತಪ್ಪಿಸಲು ಟೋಪಿ ಬಂತು. ಕೈ ಬೀಸುವುದು ಎದ್ದು ಕಾಣಲೆಂದು ಅಂಗಿಯ ಮೇಲೆ ಬೇರೆ ಬಣ್ಣದ ಮೇಲುಡುಪು ಬಂತು. ಇದನ್ನು ಬಡತನದ ಜಾಣ್ಮೆ ಎಂದು ಹೊಗಳಿ ಮುಂದೆ ಹೋಗುವುದು ವಾಡಿಕೆ. ಇನ್ನು ಕೆಲವರು ಇದನ್ನೇ ಹಿಡಿದು ಆಕ್ಷೇಪ ಎತ್ತುತ್ತಾರೆ: ಅಂದಿನ ಮುಖಗಳು ಹಾಗಿದ್ದದ್ದು ಯಂತ್ರಕ್ಕೆ ಶಕ್ತಿ ಇಲ್ಲದ್ದರಿಂದ, ಅದಕ್ಕೆ ಸಿದ್ಧಾಂತ ಹೊಸೆಯುವುದೇಕೆ? ಯಂತ್ರದ ಮಿತಿ ನಿಜ. ಆದರೆ ಮಿತಿಯೇ ಎಲ್ಲವನ್ನೂ ವಿವರಿಸುವುದಾದರೆ, ಮಿತಿ ಹೋದೊಡನೆ ಆ ಮುಖಗಳೂ ಹೋಗಬೇಕಿತ್ತು. ಇಂದಿಗೂ ಮಾರಿಯೊನ ಮೀಸೆ, ಟೋಪಿ ಹಾಗೇ ಇವೆ. ಯಕ್ಷಗಾನದ ಬಣ್ಣದ ವೇಷದವರು ವಿದ್ಯುದ್ದೀಪ ಬಂದ ಮೇಲೂ ಮುಖವರ್ಣಿಕೆ ಅಳಿಸಿಕೊಂಡು ಬರಿಮುಖದಲ್ಲಿ ರಂಗಕ್ಕೆ ಬರಲಿಲ್ಲ. ದೂರದಿಂದ ಕಂಡೊಡನೆ ಇವನು ಎಂಥವನು, ಮುಂದೆ ಏನು ಮಾಡಿಯಾನು ಎಂದು ತಿಳಿಸುವುದು ಆ ಬಣ್ಣದ ಕೆಲಸ. ಬೆಳಕು ಹೆಚ್ಚಿದ ಮಾತ್ರಕ್ಕೆ ಆ ಕೆಲಸ ಮುಗಿಯುವುದಿಲ್ಲ.

ತೊಂಬತ್ತರ ದಶಕದ ಹೊತ್ತಿಗೆ ಯಂತ್ರಗಳಿಗೆ ಚಿತ್ರೀಕರಿಸಿದ ಮನುಷ್ಯರನ್ನು ತೋರಿಸುವ ತಾಕತ್ತು ಬಂತು. ಎಡ್ ಬೂನ್ ಮತ್ತು ಜಾನ್ ಟೋಬಿಯಾಸ್ 1992ರಲ್ಲಿ ಮಾರ್ಟಲ್ ಕಾಂಬ್ಯಾಟ್ ಮಾಡಿದಾಗ ನಟರನ್ನು ಚಿತ್ರೀಕರಿಸಿ, ಚೌಕಟ್ಟು ಚೌಕಟ್ಟಾಗಿ ಕತ್ತರಿಸಿ ಆಟಕ್ಕೆ ಇಳಿಸಿದರು. ಅದರಲ್ಲಿ ಒಂದು ಸ್ವಾರಸ್ಯವಿದೆ. ಸ್ಕಾರ್ಪಿಯನ್, ಸಬ್-ಜೀರೊ, ರೆಪ್ಟೈಲ್ ಎಂಬ ಮೂವರು ಯೋಧರಿಗೂ ದೇಹ ಒಂದೇ, ಡೇನಿಯಲ್ ಪೆಸಿನಾ ಎಂಬ ನಟನದು. ಮೂತಿಗೆ ಮುಸುಕು ಕಟ್ಟಿ ಉಡುಪಿನ ಬಣ್ಣವನ್ನಷ್ಟೇ ಬದಲಿಸಿದ್ದರಿಂದ ಒಬ್ಬ ಮೂವರಾದ. ಹಳದಿ, ನೀಲಿ, ಹಸಿರು ಎಂದೇ ಆಟಗಾರರು ಅವರನ್ನು ಗುರುತಿಸಿದರು. ಮುಖ ನಿಜವಾಗಿದ್ದ ಆಟದಲ್ಲೇ ಜನರ ಮೆಚ್ಚಿನ ಪಾತ್ರಗಳು ಮುಖ ಮುಚ್ಚಿಕೊಂಡವು! ಹಾಗಿದ್ದೂ ಹೊರಗಿನವರ ಕಣ್ಣಿಗೆ ರಾಚಿದ್ದು ನಿಜಮನುಷ್ಯರ ಹೋಲಿಕೆಯೇ. ಸೆನೆಟ್ ವಿಚಾರಣೆಯ ಫಲವಾಗಿ 1994ರಲ್ಲಿ ವಯಸ್ಸಿಗೆ ತಕ್ಕಂತೆ ಆಟಗಳಿಗೆ ದರ್ಜೆ ಕೊಡುವ ಇಎಸ್‌ಆರ್‌ಬಿ ವ್ಯವಸ್ಥೆಯನ್ನು ಉದ್ಯಮ ತಾನಾಗಿಯೇ ಕಟ್ಟಿಕೊಂಡಿತು. ಅದು ಒಳ್ಳೆಯದೇ ಆಯಿತು. ಆದರೆ ಆ ಗದ್ದಲ ಉದ್ಯಮಕ್ಕೂ ಪತ್ರಿಕೆಗಳಿಗೂ ಒಂದು ತಪ್ಪು ಪಾಠ ಹೇಳಿಕೊಟ್ಟಿತು: ಮುಖ ನಿಜದಂತೆ ಕಂಡಷ್ಟೂ ಅದರ ಪರಿಣಾಮ ಹೆಚ್ಚು ಎಂದು.

ಡೂಮ್‌ನ ಮೋರೆ ಬೇರೆ ಪಾಠ ಹೇಳುತ್ತಿತ್ತು, ಕೇಳಿಸಿಕೊಂಡವರು ಕಡಿಮೆ. ಅದೇ ಕಂಪನಿ ಹಿಂದಿನ ವರ್ಷ ತಂದ 'ವುಲ್ಫೆನ್‌ಸ್ಟೈನ್ 3ಡಿ'ಯಲ್ಲೇ ಇಂಥದ್ದೊಂದು ಮುಖವಿತ್ತು. ಡೂಮ್‌ನಲ್ಲಿ ಅದು ಪಕ್ವವಾಯಿತು. ಆರೋಗ್ಯವನ್ನು ಐದು ಮೆಟ್ಟಿಲಾಗಿ ಒಡೆದು, ಒಂದೊಂದು ಮೆಟ್ಟಿಲಿಗೆ ಎಂಟು ಮುಖ ಬರೆದರು: ನೇರ ನೋಟದ ಮೂರು, ಎಡಬಲಕ್ಕೆ ತಿರುಗಿದ ಎರಡು, ಹೊಸ ಆಯುಧ ಸಿಕ್ಕಾಗಿನ ದುಷ್ಟ ನಗೆ, ಒಂದೇ ಸಮನೆ ಗುಂಡು ಹಾರಿಸುವಾಗಿನ ಹಲ್ಲುಕಡಿತ, ಭಾರಿ ಪೆಟ್ಟು ಬಿದ್ದಾಗಿನ ಬಾಯಿಬಿಟ್ಟ ಮೋರೆ. ಅಲ್ಲಿಗೆ ನಲವತ್ತು. ಅವಧ್ಯನಾದಾಗಿನ ಹೊಳೆವ ಕಣ್ಣಿನದೊಂದು, ಸತ್ತ ಮುಖ ಒಂದು, ಒಟ್ಟು 42. ಪಕ್ಕದಲ್ಲೇ ಆರೋಗ್ಯ ಶೇಕಡಾ ಎಷ್ಟಿದೆ ಎಂಬ ಅಂಕಿ ಇತ್ತು. ಹಾಗಾದರೆ ಮುಖ ಏಕೆ? ರಾಕ್ಷಸರು ಮುತ್ತಿದಾಗ ಅಂಕಿ ಓದಲು ಪುರುಸೊತ್ತಿಲ್ಲ. ಕಡೆಗಣ್ಣಿಗೆ ಬಿದ್ದ ರಕ್ತಸಿಕ್ತ ಮೋರೆ ಮಾತ್ರ ಕ್ಷಣದಲ್ಲಿ ಅರ್ಥವಾಗುತ್ತದೆ. ಬೆನ್ನ ಹಿಂದಿನಿಂದ, ಪಕ್ಕದಿಂದ ಏಟು ಬಿದ್ದರೆ ಆ ಮುಖ ಏಟು ಬಂದ ಕಡೆಗೆ ತಿರುಗುತ್ತದೆ, ಆಟಗಾರನೂ ಅತ್ತ ತಿರುಗುತ್ತಾನೆ. 1997ರಲ್ಲಿ ಆಟದ ಮೂಲ ಕೋಡ್ ಬಹಿರಂಗವಾದಾಗ ಅದರಲ್ಲೊಂದು ಎಡವಟ್ಟು ಎಲ್ಲರಿಗೂ ಕಂಡಿತು. ಇಪ್ಪತ್ತಕ್ಕಿಂತ ಹೆಚ್ಚು ಆರೋಗ್ಯ ಕಳೆದಾಗ ಮೂಡಬೇಕಿದ್ದ ಬಾಯಿಬಿಟ್ಟ ಮೋರೆಗೆ ಕಳೆಯುವ ಲೆಕ್ಕ ತಿರುವುಮುರುವಾಗಿತ್ತು. ಹೀಗಾಗಿ ಏಟು ಬೀಳುವ ಹೊತ್ತಿಗೇ ಆರೋಗ್ಯ ಇಪ್ಪತ್ತಕ್ಕಿಂತ ಹೆಚ್ಚು ಅಂಕ ಏರುವ ವಿಚಿತ್ರ ಗಳಿಗೆಯಲ್ಲಿ ಮಾತ್ರ ಅದು ಕಾಣುತ್ತಿತ್ತು. ಕಲಾವಿದ ಬರೆದ ಮುಖಗಳಲ್ಲಿ ಅತ್ಯಂತ ನಾಟಕೀಯವಾದದ್ದು ನಿಯಮದ ಕೊಂಡಿ ತಪ್ಪಿದ್ದರಿಂದ ಹೆಚ್ಚುಕಡಿಮೆ ಇಲ್ಲದಂತೆಯೇ ಆಯಿತು.

ಇದಕ್ಕೆ ಬಲವಾದ ಒಂದು ಎದುರುಮಾತುಂಟು. ಡೂಮ್‌ನದು ಮುಖವೇ ಅಲ್ಲ, ಮುಖದಾಕಾರದ ಮಾಪಕ. ಭೂತದ ಕಣ್ಣು ಕಣ್ಣಲ್ಲ, ಬಾಣದ ಗುರುತು. ಇವನ್ನು ಮುಖ ಎಂದು ಕರೆದು ಭಾವನೆ ತುಂಬಿದ ಮುಖಗಳ ಪಕ್ಕ ಇಟ್ಟು ತೂಗುವುದು ಸರಿಯೇ? ಮಾಪಕ ಎಂಬುದನ್ನು ಒಪ್ಪಿಕೊಳ್ಳೋಣ. ಆದರೆ ಮಾಪಕವನ್ನು ಓದಲು ಯಾರಾದರೂ ಕಲಿಸಿಕೊಡಬೇಕು, ಮುಖವನ್ನು ಓದಲು ಯಾರೂ ಕಲಿಸಬೇಕಿಲ್ಲ. ಎದುರಿಗಿರುವ ಮುಖದ ನೋಟ ಎತ್ತ ಹರಿದಿದೆ, ಅದು ನೋವೋ ನಗೆಯೋ ಎಂಬುದನ್ನು ಮನುಷ್ಯ ಯೋಚಿಸದೆಯೇ ಹಿಡಿಯುತ್ತಾನೆ. ಆಟಗಳು ಈ ಹುಟ್ಟುಗುಣವನ್ನು ಬಂಡವಾಳ ಮಾಡಿಕೊಂಡಿದ್ದವು. ನಿಜಜೀವನದಲ್ಲೂ ನಾವು ಮುಖ ನೋಡುವುದು ಅದರ ಹಿಂದೆ ಏನು ನಡೆದಿದೆ ಎಂದು ತಿಳಿಯುವುದಕ್ಕೆ ತಾನೇ?

ಮುಖ ಹೀಗೆ ಆಟಗಾರನ ಪಕ್ಷಕ್ಕೆ ಸೇರಿದರೆ, ಬೆತ್ತಲೆ ಮಿದುಳು ಬಹುತೇಕ ಶತ್ರುಪಾಳಯಕ್ಕೆ ಸೇರಿತು. 1986ರ 'ಮೆಟ್ರಾಯ್ಡ್'ನ ಕೊನೆಗೆ ಎದುರಾಗುವ ಮದರ್ ಬ್ರೇನ್ ಗಾಜಿನ ತೊಟ್ಟಿಯಲ್ಲಿ ತೇಲುವ ದೈತ್ಯ ಮಿದುಳು. ಡೂಮ್‌ನ ಸ್ಪೈಡರ್ ಮಾಸ್ಟರ್‌ಮೈಂಡ್ ಯಂತ್ರದ ಕಾಲು ಕಟ್ಟಿಕೊಂಡ ಮಿದುಳು. ಎರಡೂ ಇಡೀ ಶತ್ರುಸೈನ್ಯದ ಒಡತಿಯರೆಂದು ಕಥೆ ಹೇಳುತ್ತದೆ, ಆದರೆ ಆಟದಲ್ಲಿ ಅವುಗಳ ಬುದ್ಧಿವಂತಿಕೆ ಕಾಣುವುದೇ ಇಲ್ಲ. ಮದರ್ ಬ್ರೇನ್ ಇದ್ದಲ್ಲೇ ಇರುತ್ತದೆ, ಕಾವಲಿಗೆ ಸುತ್ತಲಿನ ಯಂತ್ರಗಳು. ಮಿದುಳಿನ ಚಿತ್ರ ಬರೆದೊಡನೆ ಮಿದುಳು ಬರುವುದಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಈ ಸತ್ಯವನ್ನು ತಮಾಷೆಯಾಗಿ ಒಪ್ಪಿಕೊಂಡದ್ದು 1994ರ 'ಡೂಮ್ 2'. ಅದರ ಕೊನೆಯ ಶತ್ರು ಗೋಡೆಯ ಮೇಲಿನ ಬೃಹತ್ ರಾಕ್ಷಸಮುಖ. ಅದು ಅಲುಗುವುದಿಲ್ಲ, ಹಣೆಯಲ್ಲೊಂದು ತೂತಿದೆ, ಒಳಗೆ ಮಿದುಳು. ಅಲ್ಲಿಗೆ ರಾಕೆಟ್ ಹೊಡೆಯಬೇಕು. ಗೋಡೆ ದಾಟುವ ಕಳ್ಳದಾರಿ ಬಳಸಿ ಹಿಂದಕ್ಕೆ ಹೋದವರಿಗೆ ಕಂಡದ್ದು ಬೇರೆ: ಕೋಲಿಗೆ ಸಿಕ್ಕಿಸಿದ ಒಂದು ರುಂಡ, ಆಟದ ನಿರ್ಮಾತೃಗಳಲ್ಲಿ ಒಬ್ಬರಾದ ಜಾನ್ ರೊಮೆರೊ ಅವರದು. ರಾಕೆಟ್ ತಾಗಬೇಕಾದದ್ದು ಅದಕ್ಕೇ. ರಾಕ್ಷಸ ಆಡುವ ಮಾತೂ ಅವರದೇ ದನಿ, ತಿರುಗುಮುರುಗಾಗಿ ನುಡಿಸಿದ್ದು. ಎಲ್ಲ ಮುಖಗಳ ಹಿಂದೆ ಇರುವ ಮಿದುಳು ಕೊನೆಗೂ ನಿಯಮ ಬರೆದವನದೇ ಎಂದು ಇದಕ್ಕಿಂತ ನೇರವಾಗಿ ಹೇಳಿದ ಆಟ ಇನ್ನೊಂದಿಲ್ಲ.

ಮುಖ ಮೂರು ಆಯಾಮ ಪಡೆದ ಮೇಲೆ ಎರಡು ದಾರಿಗಳು ಒಡೆದವು. ಒಂದು, ಕೊಂಡಿಯನ್ನು ಗಟ್ಟಿ ಮಾಡುವ ದಾರಿ. ಸಿಯಾಟಲ್ ಬಳಿಯ ವಾಲ್ವ್ ಕಂಪನಿ 2004ರ ನವೆಂಬರಿನಲ್ಲಿ ತಂದ 'ಹಾಫ್-ಲೈಫ್ 2' ಇದರ ಉತ್ತಮ ಉದಾಹರಣೆ. ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲಿ ಮುಖದ ಸ್ನಾಯುಗಳ ಚಲನೆಯನ್ನು ಬಿಡಿಬಿಡಿ ಘಟಕಗಳಾಗಿ ಪಟ್ಟಿ ಮಾಡಿದ್ದರು: ಹುಬ್ಬಿನ ಒಳತುದಿ ಏರುವುದು ಒಂದು, ತುಟಿಯ ಅಂಚು ಇಳಿಯುವುದು ಇನ್ನೊಂದು. ವಾಲ್ವ್‌ನವರು ಆ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಮುಖಗಳನ್ನು ಆಡಿಸಿದರು. ಅವರಿಗೆ ಇದ್ದ ತೊಡಕೇ ವರವಾಯಿತು. ಮಾತುಕತೆಯ ವೇಳೆ ಆಟಗಾರನ ಕೈಯಿಂದ ಕ್ಯಾಮೆರಾ ಕಸಿದುಕೊಳ್ಳುವುದಿಲ್ಲ ಎಂದು ಅವರು ನಿಶ್ಚಯಿಸಿದ್ದರು. ಎದುರಿನ ಪಾತ್ರ ಮಾತಾಡುತ್ತಿರುವಾಗ ಆಟಗಾರ ಕೋಣೆಯ ಮೂಲೆಗೆ ಹೋಗಬಹುದು, ಡಬ್ಬ ಎತ್ತಿ ಎಸೆಯಬಹುದು. ಆದ್ದರಿಂದ ಅಲಿಕ್ಸ್ ಎಂಬ ಪಾತ್ರದ ಕಣ್ಣು, ಕುತ್ತಿಗೆ ಅವನನ್ನು ಹುಡುಕಿ ಹಿಂಬಾಲಿಸಬೇಕಾಯಿತು. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಆಟಗಾರನ ಅನಿಸಿಕೆ ಭ್ರಮೆಯಾಗಿರಲಿಲ್ಲ. ಅವನು ಎಲ್ಲಿದ್ದಾನೆಂದು ಪ್ರೋಗ್ರಾಂ ಆ ಗಳಿಗೆಯಲ್ಲಿ ನಿಜವಾಗಿ ಲೆಕ್ಕ ಹಾಕುತ್ತಿತ್ತು.

ಇನ್ನೊಂದು, ಚರ್ಮದ ದಾರಿ. ಅದರ ಶಿಖರ 2011ರ ಮೇ ತಿಂಗಳಲ್ಲಿ ಬಂದ 'ಎಲ್.ಎ. ನುವಾರ್'. ಸಿಡ್ನಿಯ ಟೀಮ್ ಬಾಂಡಿ ತಯಾರಿಸಿ ರಾಕ್‌ಸ್ಟಾರ್ ಪ್ರಕಟಿಸಿದ ಈ ಪತ್ತೇದಾರಿ ಆಟ ನಡೆಯುವುದು 1947ರ ಲಾಸ್ ಏಂಜಲೀಸ್‌ನಲ್ಲಿ. ಮೋಷನ್‌ಸ್ಕ್ಯಾನ್ ಎಂಬ ತಂತ್ರದಿಂದ 32 ಕ್ಯಾಮೆರಾಗಳ ನಡುವೆ ಕೂತ ನಟರ ತಲೆಯನ್ನು ಎಲ್ಲ ಕಡೆಯಿಂದ ಸೆರೆಹಿಡಿದರು. ಮೈಯ ಚಲನೆಯನ್ನು ಬೇರೆಯೇ ದಾಖಲಿಸಿ ಆಮೇಲೆ ಬೆಸೆದರು. ಮುಖ ಓದುವುದೇ ಆಟ ಎಂಬುದು ಇದರ ಹೆಮ್ಮೆ. ಸಾಕ್ಷಿ ಹೇಳುವವನ ಕಣ್ಣು, ತುಟಿ ನೋಡಿ ಆಟಗಾರ ನಿಜ, ಅನುಮಾನ, ಸುಳ್ಳು ಎಂಬ ಮೂರರಲ್ಲಿ ಒಂದನ್ನು ಒತ್ತಬೇಕು. ಅಂಥ ಮುಖಗಳನ್ನು ಆಟಗಳಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ ಎಂಬುದು ನಿಜ. ನ್ಯೂಯಾರ್ಕಿನ ಟ್ರೈಬೆಕಾ ಚಿತ್ರೋತ್ಸವ ತನ್ನಲ್ಲಿ ಜಾಗ ಕೊಟ್ಟ ಮೊದಲ ವಿಡಿಯೊ ಗೇಮ್ ಅದು. ಆದರೆ ಆಟವಾಗಿ ಅದು ತನ್ನ ತಂತ್ರದ ಭಾರಕ್ಕೇ ಕುಸಿಯಿತು. ನಿಜವಾದ ಮುಖ ನೋಡಿ ಸುಳ್ಳು ಹಿಡಿಯುವುದರಲ್ಲಿ ಮನುಷ್ಯರು ಎಷ್ಟು ದುರ್ಬಲರು ಎಂಬುದನ್ನು ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ತೋರಿಸಿದ್ದರು: ಸರಾಸರಿ ಶೇ. 54 ಮಾತ್ರ ಸರಿ, ನಾಣ್ಯ ಚಿಮ್ಮಿದ್ದಕ್ಕಿಂತ ಒಂದಿಷ್ಟು ಮೇಲು. ನಿಜಕ್ಕೆ ನಿಷ್ಠವಾದ ಮುಖವನ್ನು ಇಟ್ಟರೆ ಆಟ ಆಡಲಾಗದು. ಆಡಲಾಗಬೇಕಾದರೆ ಸುಳ್ಳ ಕಣ್ಣು ಹೊರಳಿಸಬೇಕು, ಎಂಜಲು ನುಂಗಬೇಕು. ನಟರು ಅದನ್ನೇ ಮಾಡಿದರು. ಅಷ್ಟು ಖರ್ಚಿನ ನೈಜ ಮುಖ ಕೊನೆಗೆ ಕಂಪನಿ ನಾಟಕದ ಖಳನ ಮುಖವಾಯಿತು.

ಅದಕ್ಕಿಂತ ಮುಖ್ಯವಾದ ದೋಷ ಇನ್ನೊಂದು. ಆ ಮುಖದ ಹಿಂದೆ ಯಾವ ಮಿದುಳೂ ಇರಲಿಲ್ಲ, ಮೊದಲೇ ಗುರುತು ಹಾಕಿಟ್ಟ ಒಂದು ಸರಿಯುತ್ತರವಿತ್ತು. ಆಟಗಾರ ಪ್ರಶ್ನೆಯನ್ನು ಹೇಗೆ ಕೇಳಿದರೂ, ಎಷ್ಟು ಹೊತ್ತು ದಿಟ್ಟಿಸಿದರೂ ಆ ಸಾಕ್ಷಿ ಬೆದರುವುದಿಲ್ಲ, ಬೆವರುವುದಿಲ್ಲ. ಧ್ವನಿಮುದ್ರಿಸಿದ ಹಾಡಿನಂತೆ ತನ್ನ ಪಾಡಿಗೆ ತಾನು ನಡೆಯುತ್ತಾನೆ. ಸುಳ್ಳು ಎಂಬ ಗುಂಡಿ ಒತ್ತಿದರೆ ಟಿಪ್ಪಣಿ ಪುಸ್ತಕದಿಂದ ಪುರಾವೆ ತೋರಿಸಬೇಕಿತ್ತು, ಅಂದರೆ ಮುಖದ ಸಾಕ್ಷ್ಯದ ಮೇಲೆ ಆಟಕ್ಕೇ ಭರವಸೆ ಇರಲಿಲ್ಲ. 2017ರಲ್ಲಿ ಆಟ ಮರುಬಿಡುಗಡೆಯಾದಾಗ ಆ ಮೂರು ಗುಂಡಿಗಳ ಹೆಸರನ್ನೇ ಬದಲಿಸಿ ಒಳ್ಳೆಯ ಪೊಲೀಸ್, ಕೆಟ್ಟ ಪೊಲೀಸ್, ಆರೋಪ ಎಂದು ಮಾಡಿದರು. ಎದುರಿನವನ ಮುಖದಲ್ಲಿ ಏನಿದೆ ಎಂದು ಕೇಳುತ್ತಿದ್ದ ಗುಂಡಿಗಳು ಆಟಗಾರ ಏನು ಮಾಡುತ್ತಾನೆ ಎಂದು ಕೇಳತೊಡಗಿದವು. ಇದಕ್ಕಿಂತ ಸ್ಪಷ್ಟವಾದ ತಪ್ಪೊಪ್ಪಿಗೆ ಬೇಕೆ?

2014ರ ನವೆಂಬರಿನಲ್ಲಿ ಚರ್ಮದ ದಾರಿ ತಾನಾಗಿಯೇ ತನ್ನನ್ನು ಅಣಕಿಸಿಕೊಂಡಿತು. ಯೂಬಿಸಾಫ್ಟ್‌ನ 'ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ' ಬಿಡುಗಡೆಯಾದಾಗ ಕೆಲವು ಕಂಪ್ಯೂಟರ್‌ಗಳಲ್ಲಿ ಪಾತ್ರಗಳ ಮುಖದ ಚರ್ಮವೇ ಮೂಡಲಿಲ್ಲ. ಕೂದಲ ಕೆಳಗೆ ಎರಡು ಕಣ್ಣುಗುಡ್ಡೆ, ಎರಡು ಸಾಲು ಹಲ್ಲು ಗಾಳಿಯಲ್ಲಿ ತೇಲುತ್ತ ಪ್ರಣಯದ ಮಾತಾಡಿದವು. ಜಗತ್ತೆಲ್ಲ ನಕ್ಕಿತು, ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ಗಮನಿಸಬೇಕಾದದ್ದು, ಮುಖ ಹೋದರೂ ಆಟದ ಒಂದು ನಿಯಮಕ್ಕೂ ಧಕ್ಕೆಯಾಗಲಿಲ್ಲ ಎಂಬುದು. ಪ್ಯಾಕ್-ಮ್ಯಾನ್‌ನ ಭೂತಗಳಿಂದ ಕಣ್ಣು ತೆಗೆದರೆ ಆಡುವವನ ಕೈ ಕಟ್ಟಿದಂತಾಗುತ್ತದೆ. ಇಲ್ಲಿ ಅಷ್ಟು ದುಬಾರಿ ಮುಖಗಳು ಇದ್ದರೂ ಒಂದೇ, ಹೋದರೂ ಒಂದೇ.

ಕೊನೆಯ ಆಕ್ಷೇಪ ಇಷ್ಟು ಹಗುರವಲ್ಲ. 2013ರ 'ದ ಲಾಸ್ಟ್ ಆಫ್ ಅಸ್', 2018ರ 'ಗಾಡ್ ಆಫ್ ವಾರ್' ನೈಜ ಮುಖಗಳಿಂದಲೇ ಆಟಗಾರರ ಕಣ್ಣಲ್ಲಿ ನೀರು ತರಿಸಲಿಲ್ಲವೆ? ತರಿಸಿದವು. ಆದರೆ ಆ ಮುಖಗಳು ಯಾವಾಗ ಕಾಣುತ್ತವೆ ಎಂದು ನೋಡಿದರೆ ಉತ್ತರ ಅಲ್ಲೇ ಇದೆ. ಆಟ ಆಡುವ ಬಹುಪಾಲು ಹೊತ್ತು ಕ್ಯಾಮೆರಾ ನಾಯಕನ ಬೆನ್ನ ಹಿಂದಿರುತ್ತದೆ, ಆಟಗಾರನಿಗೆ ಕಾಣುವುದು ಅವನ ತಲೆಯ ಹಿಂಭಾಗ. ಮುಖ ತುಂಬ ಕಾಣುವುದು ಮುಖ್ಯವಾಗಿ ಕಥೆ ಮುಂದುವರಿಸುವ ದೃಶ್ಯಗಳಲ್ಲಿ. ಆಗ ಆಟಗಾರ ಪ್ರೇಕ್ಷಕನಾಗುತ್ತಾನೆ, ಮುಖ ಸಿನಿಮಾದ ಮುಖವಾಗುತ್ತದೆ. ಸಿನಿಮಾಕ್ಕೆ ಆ ಮುಖ ಸಾಕು, ಅದು ದೊಡ್ಡ ಕಲೆಯೂ ಹೌದು. ಆಟಕ್ಕೆ ಮಾತ್ರ ತನ್ನದೇ ಒಂದು ಬೇಡಿಕೆಯಿದೆ: ನಾನು ಮಾಡಿದ್ದರಿಂದ ಈ ಮುಖ ಬದಲಾಯಿತೆ, ಬದಲಾದದ್ದನ್ನು ಓದಿ ನಾನು ಮುಂದಿನ ಹೆಜ್ಜೆ ಬದಲಿಸಬಲ್ಲೆನೆ? ಚರ್ಮದ ರಂಧ್ರ, ರೆಪ್ಪೆಯ ಕೂದಲುಗಳನ್ನು ಮೂಡಿಸುವ ತಂತ್ರಗಳು ಈಗ ಸಣ್ಣ ಕಂಪನಿಗಳ ಕೈಗೂ ಎಟುಕುತ್ತಿವೆ, ಹೋಲಿಕೆ ಅಗ್ಗವಾಗುತ್ತಿದೆ. ಎಲ್ಲರ ಬಳಿಯೂ ಇರುವ ವಸ್ತುವಿನಿಂದ ಯಾರೂ ಮುಂದೆ ಹೋಗಲಾರರು. ಮುಂದಿನ ಒಳ್ಳೆಯ ಮುಖವನ್ನು ಮಾಡುವವರು ಕ್ಯಾಮೆರಾಗಳ ಸಂಖ್ಯೆ ಹೆಚ್ಚಿಸುವವರಲ್ಲ. ಕಲಾವಿದನನ್ನೂ ನಿಯಮ ಬರೆಯುವವನನ್ನೂ ಒಂದೇ ಮೇಜಿಗೆ ಕೂರಿಸುವವರು.